‘ನನ್ನ ಕೈ ತಳ್ಳಿ ನೋಡೋಣ’

ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಮೊದಲ ಸಲ ಹೋದವರಿಗೆ ಪ್ರಶ್ನೆಗಳ ಸರಮಾಲೆಯೇ ಕಾದಿರುತ್ತದೆ. ನೋವು ಶುರುವಾಗಿದ್ದು ಯಾವಾಗ, ಮೆಟ್ಟಿಲು ಹತ್ತುವಾಗ ಹೆಚ್ಚೋ ಇಳಿಯುವಾಗ ಹೆಚ್ಚೋ, ಮಲಗುವುದು ಯಾವ ಮಗ್ಗುಲಿಗೆ? ಆಮೇಲೆ ಕೀಲು ಎಷ್ಟು ಬಾಗುತ್ತದೆಂದು ಅಳೆಯುತ್ತಾರೆ. ‘ನನ್ನ ಕೈ ತಳ್ಳಿ ನೋಡೋಣ’ ಎನ್ನುತ್ತಾರೆ. ತಳ್ಳಿದ ಬಲಕ್ಕೆ 0ಯಿಂದ 5ರವರೆಗೆ ಅಂಕ ಬೀಳುತ್ತದೆ. ಇವೆಲ್ಲ ಯಾರೋ ಒಬ್ಬರು ಕೂತು ಒಮ್ಮೆಗೇ ಯೋಚಿಸಿ ಮಾಡಿದ ಕ್ರಮಗಳಲ್ಲ. ಹಗರಣ, ಯುದ್ಧ, ಪೋಲಿಯೋಗಳ ನಡುವೆ ಒಂದೊಂದಾಗಿ ರೂಢಿಗೆ ಬಂದವು.

ಹಗರಣ ಲಂಡನ್ನಿನದು. ಮಸಾಜ್ ಹೆಸರಿನಲ್ಲಿ ನಡೆಯುತ್ತಿದ್ದ ಅನೈತಿಕ ದಂಧೆಯ ಬಗ್ಗೆ 1894ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಬರೆಯಿತು. ರೋಗಿಗಳ ಕೈಕಾಲು ತಿಕ್ಕಿ ಗುಣಪಡಿಸುತ್ತಿದ್ದ ನರ್ಸುಗಳ ಮಾನಕ್ಕೂ ಕುತ್ತು ಬಂತು. ರೋಸಲಿಂಡ್ ಪೇಜೆಟ್ ಸೇರಿದಂತೆ ನಾಲ್ವರು ಮಹಿಳೆಯರು ಅದೇ ವರ್ಷ ತರಬೇತಿ ಪಡೆದ ಮಸಾಜ್‌ಗಾರ್ತಿಯರ ಸಂಘ ಕಟ್ಟಿದರು. ನಿಯಮಗಳು ಬಿಗಿಯಾಗಿದ್ದವು: ವೈದ್ಯರು ಹೇಳದೆ ಮಸಾಜ್ ಮಾಡಕೂಡದು, ವೈದ್ಯಕೀಯ ಪತ್ರಿಕೆಗಳ ಹೊರಗೆ ಜಾಹೀರಾತು ಕೊಡಕೂಡದು, ರೋಗಿಗಳಿಗೆ ಔಷಧಿ ಮಾರಕೂಡದು. ಗಂಡಸರಿಗೆ ಪೂರ್ತಿ ಮೈ ಮಸಾಜ್ ಇಲ್ಲ. ವೈದ್ಯರೇ ಕೇಳಿಕೊಂಡರೆ ಮಾತ್ರ ವಿನಾಯಿತಿ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಗಾಯಾಳು ಸೈನಿಕರು ಸಾಲುಸಾಲಾಗಿ ಬಂದಿಳಿದಾಗ ಗಂಡಸರ ಕುರಿತ ಈ ಕೊನೆಯ ನಿಯಮಕ್ಕೆ ಅರ್ಥವೇ ಉಳಿಯಲಿಲ್ಲ. 1920ರಲ್ಲಿ ಸಂಘಕ್ಕೆ ರಾಜಸನ್ನದು ಸಿಕ್ಕಿತು.

ಫಿಸಿಯೋಥೆರಪಿಯ ಒಂದು ಬೇರು ಈ ಮಸಾಜ್. ವ್ಯಾಯಾಮವನ್ನೇ ಚಿಕಿತ್ಸೆಯಾಗಿಸಿದ ಇನ್ನೊಂದು ದಾರಿ ಇನ್ನೂ ಹಳೆಯದು. ಕತ್ತಿವರಸೆ ಕಲಿಸುತ್ತಿದ್ದ ಪೆರ್ ಹೆನ್ರಿಕ್ ಲಿಂಗ್ 1813ರಲ್ಲೇ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ಸಂಸ್ಥೆ ತೆರೆದಿದ್ದ.

ಆದರೆ ಕೈ ತಳ್ಳಿಸಿ ಅಂಕ ಕೊಡುವ ಪರೀಕ್ಷೆಯ ಹಿಂದಿರುವ ಒಬ್ಬಾಕೆಯ ಹೆಸರು ಇನ್ನೂ ಹೆಚ್ಚು ಜನರಿಗೆ ತಿಳಿಯಬೇಕಿತ್ತು. ವಿಲ್ಹೆಲ್ಮಿನ್ ರೈಟ್ ಬೋಸ್ಟನ್ನಿನ ಮೂಳೆತಜ್ಞ ರಾಬರ್ಟ್ ಲವೆಟ್ ಅವರ ಸಹಾಯಕಿ. ಪೋಲಿಯೋ ತಗುಲಿದ ಮಗುವಿನ ಯಾವ ಸ್ನಾಯು ಸತ್ತಿದೆ, ಯಾವುದರಲ್ಲಿ ಜೀವ ಉಳಿದಿದೆ ಎಂದು ತಿಳಿಯದೆ ವ್ಯಾಯಾಮ ಹೇಳಿಕೊಡುವುದು ಹೇಗೆ? ಸ್ನಾಯು ತಾನಾಗಿ ಅಲ್ಲಾಡುತ್ತದೆಯೇ, ಅಂಗದ ಭಾರ ಎತ್ತುತ್ತದೆಯೇ, ಎದುರು ಒತ್ತಿದ ಕೈಗೆ ಸೆಡ್ಡು ಹೊಡೆಯುತ್ತದೆಯೇ ಎಂದು ಹಂತಹಂತವಾಗಿ ನೋಡುವ ವಿಧಾನವನ್ನು ರೈಟ್ ರೂಪಿಸಿದರು. ಸ್ನಾಯುಗಳಿಗೆ ತರಬೇತಿ ಕೊಡುವ ಬಗ್ಗೆ 1912ರಲ್ಲೇ ಬರೆದರು. ಯಂತ್ರ ಬೇಡ, ಎರಡು ಕೈ ಸಾಕು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1943ರಲ್ಲಿ ನರಗಳಿಗೆ ಪೆಟ್ಟಾದವರಿಗಾಗಿ ಪ್ರಕಟಿಸಿದ 0–5ರ ಶ್ರೇಣಿಯೂ ಇದೇ ತರ್ಕದ್ದು. ಇಂದಿನ ಕ್ಲಿನಿಕ್ಕುಗಳಲ್ಲಿ ಬಳಕೆಯಲ್ಲಿರುವುದು ಅದೇ.

ಭಾರತದಲ್ಲೂ ಪೋಲಿಯೋ ಈ ವಿದ್ಯೆಯ ಅಗತ್ಯವನ್ನು ಕಾಣಿಸಿತು. 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಶಾಲೆ ಶುರುವಾಯಿತು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ನಡೆದದ್ದು ಬೇರೆ ಬಗೆಯ ಸಾಹಸ. 1946ರಲ್ಲಿ ಅಲ್ಲಿಗೆ ಬಂದ ಸರ್ಜನ್ ಪಾಲ್ ಬ್ರಾಂಡ್, ಕುಷ್ಠದಿಂದ ಬೆರಳು ಮಡಚಿಹೋದ ಕೈಗಳನ್ನು ಸರಿಪಡಿಸಲು ಹೊರಟರು. ಶಕ್ತಿ ಉಳಿದ ಸ್ನಾಯುವಿನ ರಜ್ಜುವನ್ನು ಬೇರೆ ಜಾಗಕ್ಕೆ ಜೋಡಿಸಿದರೆ ಅರ್ಧ ಕೆಲಸ ಮಾತ್ರ ಆದಂತೆ. ಒಂದು ಕೆಲಸಕ್ಕೆ ಒಗ್ಗಿದ್ದ ಸ್ನಾಯುವಿನಿಂದ ಇನ್ನೊಂದು ಕೆಲಸ ಮಾಡಿಸಲು ರೋಗಿ ಹೊಸದಾಗಿ ಕಲಿಯಬೇಕು. ವಾರಗಟ್ಟಲೆ ಪಕ್ಕದಲ್ಲಿ ಕೂತು ಅದನ್ನು ಕಲಿಸಿದವರು ಫಿಸಿಯೋಥೆರಪಿಸ್ಟರು.

ಅಲ್ಲಿಯೇ ಕೆಲಸ ಮಾಡುತ್ತಿದ್ದ ಡಾ. ಮೇರಿ ವರ್ಗೀಸ್ 1954ರ ವಾಹನ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲೇ ಕೂತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಪುನಶ್ಚೇತನ ಚಿಕಿತ್ಸೆಯನ್ನು ನ್ಯೂಯಾರ್ಕಿನಲ್ಲಿ ಕಲಿತು ಮರಳಿದರು. ಅವರ ಮುಂದಾಳುತನದಲ್ಲಿ 1966ರಲ್ಲಿ ವೆಲ್ಲೂರಿನ ಪುನಶ್ಚೇತನ ಕೇಂದ್ರ ಬಾಗಿಲು ತೆರೆಯಿತು. ಬೆನ್ನುಹುರಿಗೆ ಪೆಟ್ಟು ಬಿದ್ದವರು ಹಾಸಿಗೆಯಿಂದ ಗಾಲಿಕುರ್ಚಿಗೆ ತಾವೇ ದಾಟಿಕೊಳ್ಳುವುದನ್ನು ಅಲ್ಲಿ ಕಲಿಯತೊಡಗಿದರು.