ಹತ್ತರಿಂದ ಹನ್ನೊಂದಕ್ಕೆ: ಕನ್ನಡ ಮಾಧ್ಯಮದ ಮಕ್ಕಳು ದಾಟುವ ಭಾಷೆಯ ಗಡಿ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ವಿದ್ಯಾರ್ಥಿ ಪ್ಲಸ್ ವನ್ ವಿಜ್ಞಾನ ತರಗತಿ ಸೇರಿದೊಡನೆ ಪಠ್ಯಪುಸ್ತಕದ ಭಾಷೆ ಇಂಗ್ಲಿಷ್ ಆಗುತ್ತದೆ; ವಿವರಣೆ ಹಲವೆಡೆ ಮಲಯಾಳದಲ್ಲಿ ನಡೆಯುತ್ತದೆ. ಈ ಸ್ಥಿತ್ಯಂತರದ ಸ್ವರೂಪವನ್ನೂ ಅದಕ್ಕೆ ಹೊಂದಿಕೊಳ್ಳುವ ದಾರಿಗಳನ್ನೂ ಇಲ್ಲಿ ವಿವರಿಸಿದ್ದೇವೆ.

ಹಿನ್ನೆಲೆ

ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳದ ಭಾಗವಾಯಿತು. ಅದೇ ವರ್ಷದ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಲು ಹೇಳುತ್ತದೆ. ಇಲ್ಲಿ ಕನ್ನಡ ಮಾಧ್ಯಮ ಹತ್ತನೆಯ ತರಗತಿಯವರೆಗೂ ಇದೆ. ಅದರಾಚೆಗೆ ಕನ್ನಡ ಮುಖ್ಯವಾಗಿ ಒಂದು ಭಾಷಾ ವಿಷಯವಾಗಿ ಉಳಿಯುತ್ತದೆ.

ಎರಡು ದಾಟುಗಳು

ಕನ್ನಡ ಶಾಲೆಗೆ ಬರುವ ಎಲ್ಲರ ಮನೆಮಾತೂ ಪುಸ್ತಕದ ಕನ್ನಡವಲ್ಲ. ಕೆಲವರ ಮನೆಯಲ್ಲಿ ತುಳು, ಕೆಲವರಲ್ಲಿ ಹವ್ಯಕ ಕನ್ನಡ, ಕೊಂಕಣಿ ಅಥವಾ ಮರಾಠಿ. ಒಂದನೆಯ ತರಗತಿಯಲ್ಲಿ ಮೊದಲ ದಾಟು, ಹನ್ನೊಂದರಲ್ಲಿ ಎರಡನೆಯದು.

ಪರಿಭಾಷೆಯ ಸೇತು

ಎರಡನೆಯ ದಾಟಿನಲ್ಲಿ ಕೈತಪ್ಪುವುದು ಹೆಸರು ಮಾತ್ರ, ವಿಷಯಜ್ಞಾನವಲ್ಲ. ಅನೇಕ ಕನ್ನಡ ಪಾರಿಭಾಷಿಕ ಪದಗಳ ಕಟ್ಟಡವೇ ಇಂಗ್ಲಿಷ್ ಪದದ ಅರ್ಥವನ್ನು ಬಿಡಿಸುತ್ತದೆ. ‘ಹೈಡ್ರೋಜನ್’ ಎಂದರೆ ನೀರನ್ನು ಹುಟ್ಟಿಸುವುದು: ಜಲಜನಕ. ‘ಆಕ್ಸಿಜನ್’ ಎಂದರೆ ಆಮ್ಲವನ್ನು ಹುಟ್ಟಿಸುವುದು: ಆಮ್ಲಜನಕ. ‘ಫೋಟೋಸಿಂಥೆಸಿಸ್’ ಬೆಳಕು ಮತ್ತು ಜೋಡಣೆ ಎಂಬ ಎರಡು ಭಾಗಗಳ ಪದ, ದ್ಯುತಿಸಂಶ್ಲೇಷಣೆಯೂ ಹಾಗೆಯೇ. ಎರಡೂ ಹೆಸರುಗಳನ್ನು ಅಕ್ಕಪಕ್ಕ ಬರೆದಿಟ್ಟುಕೊಂಡ ವಿದ್ಯಾರ್ಥಿಗೆ ಹಳೆಯ ಓದು ವ್ಯರ್ಥವಾಗುವುದಿಲ್ಲ. ‘ಡಿಫೈನ್’, ‘ಕಂಪೇರ್’, ‘ಜಸ್ಟಿಫೈ’ ಮುಂತಾದ ಪ್ರಶ್ನೆಪತ್ರಿಕೆಯ ಕ್ರಿಯಾಪದಗಳಿಗೂ ಇಂಥದೇ ಪಟ್ಟಿ ಬೇಕು. ವ್ಯಾಖ್ಯೆ ಕೇಳಿದಲ್ಲಿ ವಿವರಣೆ ಬರೆದರೆ, ವಿಷಯ ತಿಳಿದಿದ್ದರೂ ಅಂಕ ಸಿಗದು.

ತರಗತಿಯ ಮೌನ

ಭಾಷೆ ಬಾರದವನ ಮೌನವನ್ನು ವಿಷಯ ತಿಳಿಯದವನ ಮೌನವೆಂದು ಅಧ್ಯಾಪಕರು ಭಾವಿಸುವ ಅಪಾಯವಿದೆ. ಮೊದಲ ತಿಂಗಳುಗಳಲ್ಲಿ ಸಂದೇಹವನ್ನು ಕನ್ನಡದಲ್ಲಿ ಕೇಳಲು ಅವಕಾಶವಿದ್ದರೆ, ಕನ್ನಡ ಬಲ್ಲ ಹಿರಿಯ ವಿದ್ಯಾರ್ಥಿಯೊಬ್ಬನ ಜೊತೆ ಸಿಕ್ಕರೆ, ಆ ಮೌನ ಬೇಗ ಒಡೆಯುತ್ತದೆ.

ಏಕೆ ಮುಖ್ಯ

ಹನ್ನೊಂದನೆಯ ತರಗತಿಯ ಈ ಭಯ ಅಲ್ಲಿಗೇ ನಿಲ್ಲುವುದಿಲ್ಲ. ಅದು ಹಿಂದಕ್ಕೆ ಹರಿದು, ಒಂದನೆಯ ತರಗತಿಗೆ ಮಗುವನ್ನು ಸೇರಿಸುವ ತಂದೆತಾಯಿಯರನ್ನು ಇಂಗ್ಲಿಷ್ ಮಾಧ್ಯಮದತ್ತ ತಿರುಗಿಸುತ್ತದೆ. ಆದುದರಿಂದ ಹತ್ತು ಮತ್ತು ಹನ್ನೊಂದರ ನಡುವೆ ಸೇತು ಕಟ್ಟುವುದೆಂದರೆ ಗಡಿನಾಡಿನ ಕನ್ನಡ ಶಾಲೆಯನ್ನು ಉಳಿಸಿಕೊಳ್ಳುವುದೇ ಆಗಿದೆ ಎಂದು ನಾವು ತಿಳಿಯುತ್ತೇವೆ.