ಹೊಳೆ ಕಾಯುವ ಸೇನೆ

ಅಮೆರಿಕದಲ್ಲಿ ಹೊಳೆಯಂಚಿನ ಜೌಗಿಗೆ ಮಣ್ಣು ತುಂಬಬೇಕೆಂದರೆ ಸಾಮಾನ್ಯವಾಗಿ ಅರ್ಜಿ ಹಾಕಬೇಕಾದುದು ಸೇನೆಯ ಎಂಜಿನಿಯರುಗಳ ದಳಕ್ಕೆ. ಪರಿಸರಕ್ಕೆಂದೇ ಬೇರೆ ಇಲಾಖೆ ಇದ್ದರೂ ಅರ್ಜಿ ಹೋಗುವುದು ಇಲ್ಲಿಗೇ.

ಇದಕ್ಕೆಲ್ಲ ಮೂಲ ದೋಣಿ ಸಂಚಾರ. 1824ರಲ್ಲಿ ಓಹಿಯೊ, ಮಿಸಿಸಿಪ್ಪಿ ನದಿಗಳಲ್ಲಿ ಅಡ್ಡಬಿದ್ದ ಮರಗಳನ್ನೂ ಮರಳು ದಿಬ್ಬಗಳನ್ನೂ ತೆಗೆಯುವ ಕೆಲಸ ಈ ದಳದ ಪಾಲಿಗೆ ಬಂತು. 1899ರ ಕಾಯ್ದೆ ಅದರ ಕೈಗೆ ದಂಡವನ್ನೂ ಕೊಟ್ಟಿತು: ನದಿಗೆ ಕಸ ಸುರಿದವರಿಗೆ 500ರಿಂದ 2,500 ಡಾಲರ್ ದಂಡ, ಸುಳಿವು ಕೊಟ್ಟವರಿಗೆ ಅದರಲ್ಲಿ ಅರ್ಧ. ಆದರೆ ಬೀದಿ, ಚರಂಡಿಗಳಿಂದ ಹರಿದುಬರುವ ಕೊಳಚೆಗೆ ವಿನಾಯಿತಿ! ನೀರು ನಾರಿದರೂ ಚಿಂತೆಯಿಲ್ಲ, ಹಡಗು ಸಾಗಿದರೆ ಸಾಕು ಎಂಬ ಧೋರಣೆ.

ಈ ಹಳೆಯ ಕಾಯ್ದೆಗೆ ಹೊಸ ಜೀವ ಬಂದದ್ದು 1960ರ ದಶಕದಲ್ಲಿ. ಫ್ಲಾರಿಡಾದ ಸೇಂಟ್ ಜಾನ್ಸ್ ನದಿಗೆ ತೈಲ ಕಂಪನಿಯೊಂದರಿಂದ ವಿಮಾನದ ಪೆಟ್ರೋಲ್ ಸೋರಿತು. ಬೆಲೆಬಾಳುವ ಪೆಟ್ರೋಲನ್ನು ಕಸ ಎನ್ನುವುದು ಹೇಗೆ ಎಂದು ಕಂಪನಿ ವಾದಿಸಿತು. ನದಿಗೆ ಬಿದ್ದ ಮೇಲೆ ಅದೂ ಕಸವೇ ಎಂದು 1966ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಮರುವರ್ಷ ಅದೇ ಫ್ಲಾರಿಡಾದಲ್ಲಿ ಇನ್ನೊಂದು ಪ್ರಕರಣ. ಬೋಕಾ ಸಿಯೇಗಾ ಕೊಲ್ಲಿಯ ಸುಮಾರು 12 ಎಕರೆಗೆ ಮಣ್ಣು ತುಂಬಲು ಹೊರಟವರಿಗೆ ದಳದ ಕರ್ನಲ್ ರಾಬರ್ಟ್ ಟ್ಯಾಬ್ ಅನುಮತಿ ಕೊಡಲಿಲ್ಲ. ದೋಣಿಗಳಿಗೆ ತೊಂದರೆಯೇನೂ ಇರಲಿಲ್ಲ. ಕಾರಣ ಕೊಟ್ಟದ್ದು ಮೀನುಗಳ, ಕಾಡುಜೀವಿಗಳ ಹೆಸರಿನಲ್ಲಿ. 1970ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 1972ರ ಶುದ್ಧ ಜಲ ಕಾಯ್ದೆ ಈ ಅಧಿಕಾರವನ್ನು ಇನ್ನೂ ಹಿಗ್ಗಿಸಿತು. ಸಮವಸ್ತ್ರದ ಅಧಿಕಾರಿ ಮೀನಿನ ಪರ ನಿಂತ ಈ ತಿರುವು ಪರಿಸರ ಚರಿತ್ರೆಯಲ್ಲಿ ಇನ್ನಷ್ಟು ಹೆಸರು ಮಾಡಬೇಕಿತ್ತು.

ದಳದಲ್ಲಿ ಈ ಅರ್ಜಿಗಳ ಕಡತ ನೋಡುವವರು ಬಹುತೇಕ ನಾಗರಿಕ ನೌಕರರು. ಜಾಗಕ್ಕೆ ಹೋಗಿ, ನೆಲ ಕೊರೆದು ತೆಗೆದ ಮಣ್ಣನ್ನು ಬಣ್ಣದ ಪಟ್ಟಿಗೆ ಹಿಡಿದು ನೋಡುತ್ತಾರೆ. ಮಣ್ಣು ಮಾಸಲು ಬೂದು ಬಣ್ಣದ್ದಾಗಿದ್ದರೆ ಅಲ್ಲಿ ನೀರು ಬಹುಕಾಲ ನಿಲ್ಲುತ್ತದೆಂಬ ಸುಳಿವು. ಸುತ್ತಲಿನ ಗಿಡಗಳನ್ನೂ ನೀರಿನ ಗುರುತುಗಳನ್ನೂ ಪರೀಕ್ಷಿಸಿದ ಮೇಲೆಯೇ ಅದು ಜೌಗೋ ಅಲ್ಲವೋ ಎಂಬ ತೀರ್ಮಾನ.

ಇಂಥ ನೌಕರರು ವಾರಾಂತ್ಯದ ಸೈನಿಕರೂ ಆಗಬಹುದು. ನ್ಯಾಷನಲ್ ಗಾರ್ಡ್ ಎಂಬ ಮೀಸಲು ಪಡೆಗೆ ವರ್ಷಕ್ಕೆ 48 ಕವಾಯತು, 15 ದಿನ ತರಬೇತಿ ಎಂಬ ಲೆಕ್ಕ 1916ರ ಕಾಯ್ದೆಯದು. ಶನಿವಾರ ಎರಡು, ಭಾನುವಾರ ಎರಡು. ತಿಂಗಳಿಗೊಂದು ವಾರಾಂತ್ಯ ಕೊಟ್ಟರೆ ಲೆಕ್ಕ ಚುಕ್ತಾ. ತರಬೇತಿಗೆ ಕೇಂದ್ರ ಸರ್ಕಾರದ ನೌಕರರಿಗೆ ಸಂಬಳಸಹಿತ ರಜೆಯೂ ಉಂಟು. ತೊಡಕು ಬರುವುದು ಯುದ್ಧಕ್ಕೆ ಕರೆ ಬಂದಾಗ. ಕಡತಗಳು ಪಕ್ಕದ ಮೇಜಿಗೆ ಹೋಗುತ್ತವೆ, ಅರ್ಜಿದಾರರು ಕಾಯುತ್ತಾರೆ. ಹಿಂತಿರುಗಿದವರಿಗೆ ಹಳೆಯ ಕೆಲಸವನ್ನು, ತಪ್ಪಿಹೋದ ಜ್ಯೇಷ್ಠತೆಯನ್ನೂ ಸೇರಿಸಿ, ಮರಳಿ ಕೊಡಬೇಕೆಂದು 1994ರ ಕಾನೂನು ಹೇಳುತ್ತದೆ.