ಸ್ವೀಪರ್ ಎಂಬ ಮಾತಿನ ಚರಿತ್ರೆ

ಹುಬ್ಬಳ್ಳಿ-ಧಾರವಾಡದ ನಡುವಿನ ನಮ್ಮ ನವನಗರಕ್ಕೆ ಇಬ್ಬರು ಸ್ವೀಪರುಗಳು ಒಂದೇ ಪತ್ರಿಕೆಯೊಳಗ ಬರುತ್ತಿದ್ದರು. ಒಬ್ಬ ಕ್ರೀಡಾಪುಟದವ, ಇನ್ನೊಬ್ಬ ಮುನ್ಸಿಪಾಲ್ಟಿ ಸುದ್ದಿಯವ.

ಫುಟ್‌ಬಾಲಿನಲ್ಲಿ ರಕ್ಷಣಾ ಸಾಲಿನ ಹಿಂದೆ ಒಬ್ಬನೇ ನಿಂತು, ಉಳಿದವರ ಕಾಲು ತಪ್ಪಿಸಿ ಬಂದ ಚೆಂಡನ್ನೆಲ್ಲ ಬಳಿದು ತೆಗೆಯುವವನು ಸ್ವೀಪರ್. ಎದುರಾಳಿಗಳಲ್ಲಿ ಇಂಥವನನ್ನೇ ಕಾಯಬೇಕೆಂಬ ಕಟ್ಟು ಅವನಿಗಿಲ್ಲ. ಅದಕ್ಕೇ ಇಟಲಿಯಲ್ಲಿ ಅವನ ಹೆಸರು ‘ಲಿಬೆರೊ’. ಅಂದರೆ ಸ್ವತಂತ್ರ. ಈ ಮಾತು ಹುಟ್ಟಿಸಿದವನು ಆಟಗಾರನಲ್ಲ, ಜಾನ್ನಿ ಬ್ರೇರಾ ಎಂಬ ಪತ್ರಕರ್ತ. ಅದೇ ಜಾಗ, ಅದೇ ಕೆಲಸ. ಇಂಗ್ಲಿಷಿನವರಿಗೆ ಅದರಲ್ಲಿ ಕಸಬರಿಗೆ ಕಂಡಿತು, ಬ್ರೇರಾನಿಗೆ ಬಿಡುಗಡೆ. 1974ರಲ್ಲಿ ವಿಶ್ವಕಪ್ ಗೆದ್ದ ಪಶ್ಚಿಮ ಜರ್ಮನಿಯ ನಾಯಕ ಫ್ರಾಂಜ್ ಬೆಕೆನ್‌ಬವರ್ ಈ ಜಾಗದಾಗ ಆಡಿದವನು. ಅವನಿಗೆ ‘ಚಕ್ರವರ್ತಿ’ ಎಂಬ ಬಿರುದು. ಸ್ವೀಪರ್ ಚಕ್ರವರ್ತಿ ಆಗೋದು ಮೈದಾನದಾಗ ಮಾತ್ರ ನೋಡ್ರಿ.

ನಮ್ಮ ಸ್ವೀಪರನಿಗೆ ಕನ್ನಡದಲ್ಲಿದ್ದ ಹೆಸರು ‘ಜಾಡಮಾಲಿ’. ಅವನನ್ನು ಆ ಜಾಗದಾಗ ನಿಲ್ಲಿಸಿದ್ದು ತರಬೇತುದಾರ ಅಲ್ಲ, ಜಾತಿ. ಆಟಗಾರ ಮುಂದಿನ ವರ್ಷ ಬ್ಯಾರೆ ಜಾಗದಾಗ ಆಡಬಹುದು. ಇವನ ಮಗನೂ ಅಲ್ಲೇ, ಮೊಮ್ಮಗನೂ ಅಲ್ಲೇ.

1970ರ ದಶಕದ ಮೊದಲಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1973ರ ನವೆಂಬರಿನಲ್ಲಿ ಅವರೇ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ‘ಬೂಸಾ’ ಎಂದರು. ಪತ್ರಿಕೆಗಳಲ್ಲಿ ಆ ಒಂದು ಮಾತು ಬೆಳೆದು ಬೆಂಕಿಯಾಗಿ, ಮಂತ್ರಿಗಿರಿ ಬಿಡಬೇಕಾಯಿತು. ಒಂದು ಮಾತಿಗೆ ಬೀದಿಗಿಳಿದ ಆ ಮಂದಿ ಮಲದ ಬುಟ್ಟಿ ಕಂಡು ಎಂದೂ ಬೀದಿಗಿಳಿದವರಲ್ಲ.

1976ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿಯ ವರದಿ ಬಂತು. ಊರು ಗುಡಿಸುವವರು, ಮಲ ಬಳಿಯುವವರು ಹೇಗೆ ಬದುಕುತ್ತಾರೆ, ಹೇಗೆ ದುಡಿಯುತ್ತಾರೆ ಎಂಬುದನ್ನು ಸರ್ಕಾರದ ಮುಂದಿಟ್ಟ ವರದಿ ಅದು. 500 ಜನಸಂಖ್ಯೆಗೆ ಒಬ್ಬ ಎಂಬ ಲೆಕ್ಕ ಅಲ್ಲಿಂದಲೇ ಬಂದದ್ದು. ಜಾಡಮಾಲಿ ಎಂಬ ಮಾತು ಸರಿದು ‘ಪೌರಕಾರ್ಮಿಕ’ ನಿಂತಿತು. ಕೆಲವರು ಇದನ್ನು ಬರೇ ಹೆಸರಿನ ಆಟ ಅಂತಾರ. ನನಗೆ ಹಾಗನ್ನಿಸೋದಿಲ್ಲ. ಜಾಡಮಾಲಿಗೆ ಎಸೆದದ್ದು ಕೂಲಿ. ಕಾರ್ಮಿಕ ಸಂಬಳ ಕೇಳಬಹುದು, ರಜೆ ಕೇಳಬಹುದು, ಸಂಘ ಕಟ್ಟಬಹುದು. ಈ ಹಕ್ಕಿಗೆ ಹೆದರಿಯೇ ಆಮೇಲೆ ಗುತ್ತಿಗೆದಾರನನ್ನು ನಡುವೆ ತಂದರು. ಹೆಸರು ಪೌರಕಾರ್ಮಿಕ, ಹಾಜರಿ ಪುಸ್ತಕ ಗುತ್ತಿಗೆದಾರನ ಕೈಯಾಗ ಇತ್ತು.

ಫುಟ್‌ಬಾಲಿನಲ್ಲಿ ಆಟದ ರೀತಿ ಬದಲಾಯಿತು. ಸ್ವೀಪರ್ ಎಂಬ ಜಾಗವೇ ಈಗ ಹೆಚ್ಚುಕಡಿಮೆ ಇಲ್ಲ. ಇಲ್ಲಿ ಮಲ ಹೊರಿಸುವುದರ ವಿರುದ್ಧ 1993ರಲ್ಲಿ ಒಂದು ಕಾನೂನಾಯಿತು. ಅದಾಗಿ 17 ವರ್ಷಕ್ಕೆ, 2010ರ ಜುಲೈನಲ್ಲಿ, 1997ರ ತನಕ ನಮ್ಮ ಧಾರವಾಡ ಜಿಲ್ಲೆಯೊಳಗೇ ಇದ್ದ ಸವಣೂರಿನಲ್ಲಿ ಭಂಗಿ ಜನ ಪುರಸಭೆಯ ಎದುರು ಮಲವನ್ನು ಮೈಮೇಲೆ ಸುರಿದುಕೊಂಡು ನಿಂತರು. ಸುದ್ದಿ ನಾಡಿನ ಪತ್ರಿಕೆಗಳಿಗೆಲ್ಲ ಹಬ್ಬಿತು. ಅವರನ್ನು ಇದ್ದ ಮನೆಗಳಿಂದ ಎಬ್ಬಿಸಲು ಹೊರಟಿದ್ದರು. ಇರಲಿಕ್ಕೊಂದು ಜಾಗ ಬೇಕು ಅಂದಿದ್ದರು, ಅಷ್ಟೇ.